ಬರೀ ಕವಣೆ

ಬಿಳಿಗಿರಿಯ ಮುಂದಿನ ಎರಡು ಹಲ್ಲು ಹನೂರಿನ ಸಂತೆಯಲ್ಲಿ ಉದುರಿದ್ದವು. ಉದುರಿಸಿದವನು ಪಕ್ಕದ ಹೊಲದ ರಂಗನಾಯಕ. ಉದುರಿಸಿದ್ದು ನೊಗದ ಗೂಟದಿಂದ. ಇಬ್ಬರ ಹೊಲದ ನಡುವಿನ ಬದುವನ್ನು ಒಬ್ಬೊಬ್ಬರೂ ಉಳುಮೆಗೊಂದು ಗೇಣಿನಂತೆ ಕಚ್ಚುತ್ತಾ ಬಂದು, ಕೊನೆಗೆ ಬದುವೇ ಇಲ್ಲದಂತಾಗಿ, ಯಾರು ಯಾರದ್ದನ್ನು ತಿಂದರು ಎನ್ನುವುದು ಟೀ ಅಂಗಡಿಯ ಮುಂದೆ ಇತ್ಯರ್ಥವಾಗಿತ್ತು. ರಕ್ತ ಉಗುಳುತ್ತಾ ಮನೆಗೆ ಬಂದ ಬಿಳಿಗಿರಿ ತಾಯಿಯ ಮುಂದೆ ಒಂದೇ ಮಾತು ಹೇಳಿದ್ದ. "ಅವನ ತಲೆ ಒಡೀದೆ ನಾನ್ ಸಾಯಕಿಲ್ಲ ಕನವ್ವ."

ಇದು ಚೆಲುವಮ್ಮ ಆ ಮನೆಗೆ ಬರುವುದಕ್ಕೂ ಮೊದಲಿನ ಮಾತು. ಮದುವೆಯ ದಿನ ಗಂಡು ಒಮ್ಮೆಯೂ ಬಾಯಿ ಬಿಟ್ಟು ನಗಲಿಲ್ಲ. ಗಂಭೀರ ಸ್ವಭಾವದ ಹುಡುಗ ಎಂದು ಹೆಣ್ಣಿನ ಊರಾದ ಮುಳ್ಳೂರಿನ ಹೆಂಗಸರು ಮೆಚ್ಚಿಕೊಂಡರು. ಹಲ್ಲಿಲ್ಲದ್ದು ಚೆಲುವಮ್ಮನಿಗೆ ತಿಳಿದದ್ದು ಹನೂರು ದಾಟಿ, ಮಾರ್ಟಳ್ಳಿಯ ದಾರಿಯಲ್ಲಿ ಬಸ್ಸಿಳಿದು, ಕಾಡಂಚಿನ ಆ ಊರಿನ ಹೊಸ್ತಿಲು ದಾಟಿದ ಮೇಲೆ. ಹಲ್ಲು ಹೋದ ಸಂದಿನಲ್ಲಿ ಏನು ಬೆಳೆಯುತ್ತಿದೆ ಎನ್ನುವುದು ತಿಳಿಯಲು ಇನ್ನೂ ಸ್ವಲ್ಪ ಕಾಲ ಹಿಡಿಯಿತು.

ತವರಿನಿಂದ ಅವಳು ತಂದ ಸೀರೆಗಳ ಮಡಿಕೆಯೊಳಗೆ ಒಂದು ಕವಣೆಯಿತ್ತು. ಕತ್ತಾಳೆ ನಾರು ಹೊಸೆದ ಎರಡು ಎಳೆ, ನಡುವೆ ಕಲ್ಲು ಕೂರುವುದಕ್ಕೆ ಅಂಗೈಯಗಲದ ಹೆಣಿಗೆ. ಒಂದು ಎಳೆಯ ಕುಣಿಕೆ ಬೆರಳಿಗೆ ಸಿಕ್ಕಿಸಿ, ಇನ್ನೊಂದರ ತುದಿಯನ್ನು ಹೆಬ್ಬೆರಳ ಸಂದಿಯಲ್ಲಿ ಹಿಡಿದು, ತಲೆಯ ಮೇಲೆ ಬೀಸಿ ಬಿಟ್ಟರೆ ಕಲ್ಲು ಹಾರುತ್ತದೆ. ಬಿಟ್ಟ ಎಳೆಯ ತುದಿಯಲ್ಲಿರುವ ಕುಚ್ಚು ಛಟೀರೆಂದು ಸಿಡಿಯುತ್ತದೆ. ಜೋಳಕ್ಕೆ ಬೀಳುವ ಗಿಳಿಗಳು ಕಲ್ಲಿಗಿಂತ ಆ ಸಿಡಿತಕ್ಕೇ ಹೆಚ್ಚು ಹೆದರುವುದು.

ಕಲಿಸಿದವಳು ಅಜ್ಜಿ ಶಂಕರಮ್ಮ. ಮುಳ್ಳೂರಿನ ಹೊಲದಲ್ಲಿ ಹಕ್ಕಿ ಕಾಯಲು ಎತ್ತರಕ್ಕೆ ಕಟ್ಟಿದ್ದ ಅಟ್ಟಣೆಯ ಮೇಲೆ ಮೊಮ್ಮಗಳನ್ನು ನಿಲ್ಲಿಸಿ, ಒಂದು ಬೆಳೆ ಪೂರ್ತಿ ಕಲ್ಲನ್ನೇ ಮುಟ್ಟಿಸದೆ ಬೀಸಿಸಿದ್ದಳು.

"ಕಲ್ಲ್ಯಾವಾಗ ಕೊಟ್ಟಿಯೇ ಅಜ್ಜಿ?"

"ನನ್ ಮಂಡೆ ಮ್ಯಾಲೆ ಬೀಳಕಿಲ್ಲ ಅಂತ ನಂಗೆ ಧೈರ್ಯ ಬಂದಾಗ."

"ಬರೀ ಕವಣೆ ಬೀಸ್ಕಂಡು ಏನ್ ಮಾಡನಾ?"

"ಬೀಸು. ಕಲ್ಲಾಕುದ್ರೆ ಕಣ್ಣು ಕಲ್ಲಿನಿಂದೆ ಓಡೋಯ್ತದೆ ಕೂಸೇ. ಕಣ್ಣು ಓದ್ಮೇಲೆ ಕೈನ ಯಾರ್ ನೋಡ್ಕಂಡಾರು?"

ಚೆಲುವಿಗೆ ಮೊದಮೊದಲು ಅಳು ಬಂದಿತ್ತು. ಆಮೇಲೆ ಯಾವಾಗಲೋ ಅಳು ನಿಂತಿತು. ಭುಜ ಬಿಸಿಯೇರುವುದು, ಎಳೆ ಗಾಳಿಯನ್ನು ಸೀಳುವ ಗುಂಯ್ ಎಂಬ ಸದ್ದು ಕಿವಿಯ ಸುತ್ತ ತಿರುಗುವುದು, ಹೆಬ್ಬೆರಳು ತಾನೇ ತಾನಾಗಿ ಸಡಿಲವಾಗುವ ಆ ಒಂದು ಗಳಿಗೆ. ಅಷ್ಟೇ ಸಾಕು ಎನಿಸತೊಡಗಿತು. ಅಜ್ಜಿ ಕಲ್ಲು ಕೊಟ್ಟಾಗ ಚೆಲುವಿ ಅದನ್ನು ಮಡಿಲಲ್ಲಿಟ್ಟುಕೊಂಡು ಮರೆತೇಬಿಟ್ಟಿದ್ದಳು. ಅಜ್ಜಿ ಸತ್ತ ವರ್ಷವೂ ಅವಳು ಅಟ್ಟಣೆ ಹತ್ತಿ ಬೀಸಿದಳು. ಅದು ಅವಳ ಅಳುವ ಬಗೆ ಎಂದು ಮನೆಯವರಿಗೆ ಗೊತ್ತಿತ್ತು.

ಗಂಡನ ಮನೆಯಲ್ಲೂ ಜೋಳ ಹಾಲುಗಾಳು ಕಟ್ಟಿದಾಗ ಅಟ್ಟಣೆ ಅವಳ ಪಾಲಿಗೆ ಬಂತು. ಅತ್ತೆ ಮಹಾದೇವಮ್ಮ ಹಿಟ್ಟಿನ ಕುಕ್ಕೆ ಹೊತ್ತು ಹೊಲಕ್ಕೆ ಬಂದ ಮೊದಲ ದಿನವೇ ಕವಣೆ ಸಿಡಿಯಿತು. ಅತ್ತೆ ಕುಕ್ಕೆ ಕೈಬಿಟ್ಟು, ಎರಡೂ ಕೈ ತಲೆಗೆ ಕೊಟ್ಟು ದಬಕ್ಕನೆ ಕುಕ್ಕರಿಸಿದಳು. ಮುದ್ದೆ ಉರುಳಿ ಸಾಲಿನೊಳಗೆ ಹೋಯಿತು, ಸಾರು ಮಣ್ಣು ಕುಡಿಯಿತು. ಆ ಕಡೆಯವರಿಗೆ ಇದು ಹಾಲು ಕುಡಿಯುವಾಗಲೇ ಕಲಿತ ಪಾಠ: ಕವಣೆ ಸದ್ದಾದರೆ ಮೊದಲು ತಲೆ ಮುಚ್ಚು, ಯಾರು ಹೊಡೆದರು ಎಂದು ಆಮೇಲೆ ನೋಡು.

"ಕಲ್ಲಿಲ್ಲ ಕನತ್ತೆ, ಬರೀ ಕವಣೆ!" ಚೆಲುವಮ್ಮ ಮೇಲಿಂದ ಕೂಗಿದಳು.

"ನಿನ್ ಬರೀ ಕವಣೆಗೆ ನನ್ ಸಾರು ಓಯ್ತಲ್ಲಮ್ಮೀ! ಇವತ್ತು ಬರೀ ಮುದ್ದೆ ತಿನ್ನು, ಮಣ್ಣು ನೆಂಚ್ಕಂಡು!"

ಇಬ್ಬರೂ ನಕ್ಕರು. ಆ ಮನೆಯಲ್ಲಿ ಚೆಲುವಮ್ಮ ನಕ್ಕದ್ದು ಅದೇ ಮೊದಲು.

ಒಂದು ಸಂಜೆ ಕಾಡಿನ ಕಡೆಯಿಂದ ಒಂಟಿ ಹಂದಿ ನುಗ್ಗಿತು. ಸದ್ದಿಗೆ ಅದು ಜಗ್ಗಲಿಲ್ಲ. ಚೆಲುವಮ್ಮ ಕಲ್ಲು ಹಾಕಿ ಬೀಸಿದಳು. ಹಂದಿ ಮೂತಿಯಿಂದ ನೆತ್ತರು ಸುರಿಸುತ್ತಾ, ಮಗುವಿನಂತೆ ಕಿರುಚಿಕೊಂಡು, ಜೋಳವನ್ನು ಮುರಿಯುತ್ತಾ ಓಡಿತು. ಬಿಳಿಗಿರಿ ಅಲ್ಲೇ ಹುಲ್ಲು ಕೊಯ್ಯುತ್ತಿದ್ದ. ಕುಡುಗೋಲು ಹಿಡಿದೇ ಬಂದು, ನೆತ್ತರಿನ ಜಾಡನ್ನು ನೋಡಿ, ಮೇಲೆ ಹೆಂಡತಿಯನ್ನು ನೋಡಿದ. ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ಅವಳ ಮುಂದೆ ಅವನು ನಕ್ಕದ್ದೂ ಅದೇ ಮೊದಲು.

"ಮನ್ಸನ್ ತಲೆಗೂ ಇಂಗೇ ಬಿದ್ದದಾ?"

ಮರುದಿನದಿಂದ ಅಭ್ಯಾಸ ಅವನ ಕೈಗೆ ಹೋಯಿತು. ಹೊಳೆಯಿಂದ ನುಣ್ಣನೆಯ ಕಲ್ಲು ಆರಿಸಿ ತಂದು ಅಟ್ಟಣೆಯ ಮೇಲೆ ಗುಡ್ಡೆ ಹಾಕಿದ. ಬೇಲಿಯ ಗೂಟಗಳ ಮೇಲೆ ಹಳೆಯ ಮಡಕೆ ಬೋರಲು ಹಾಕಿ, "ಒಡಿ" ಎಂದ. ಒಡೆದಳು. ದೂರಕ್ಕಿಟ್ಟ. ಒಡೆದಳು. ತಪ್ಪಿದರೆ ಬಾರುಕೋಲು ಬೆನ್ನಿಗೆ ಬೀಳುತ್ತಿತ್ತು. ಎತ್ತಿಗೆ ಬೀಳುವಂತೆ, ಸಿಟ್ಟಿಲ್ಲದೆ, ಲೆಕ್ಕವಿಲ್ಲದೆ. ಮಡಕೆ ಮುಗಿದ ಮೇಲೆ ಹುಂಜ ಕಟ್ಟಿದ. ಹುಂಜದ ಕುತ್ತಿಗೆ ಹಾರಿಹೋಯಿತು. ಅವತ್ತು ಮನೆಯಲ್ಲಿ ಬಾಡಿನೂಟ. ಚೆಲುವಮ್ಮ ತುತ್ತು ಮುಟ್ಟದೆ ತಟ್ಟೆಯ ಮುಂದೆ ಕೂತೇ ಇದ್ದಳು.

ಆಮೇಲೆ ನಾಯಿ. ರಂಗನಾಯಕನ ಹೊಲ ಕಾಯುವ ಕರಿಯ, ಊರಿಗೆಲ್ಲ ಬಾಲ ಆಡಿಸುವಂಥದ್ದು. ಬಿಳಿಗಿರಿ ಮುದ್ದೆ ತೋರಿಸಿ ಕರೆದುಕೊಂಡು ಬಂದು ಬೇವಿನ ಬುಡಕ್ಕೆ ಬಿಗಿದ. ಮುದ್ದೆ ತಿಂದು ಅದು ಅವನ ಕೈಯನ್ನೂ ನೆಕ್ಕಿತು.

"ಒಡಿ."

"ಕಟ್ಟಾಕಿದ್ ನಾಯಿ... ಬ್ಯಾಡಿ, ನಿಮ್ ದಮ್ಮಯ್ಯ."

"ಅವ್ನೂ ನಿಂತೇ ಇರ್ತನೆ, ನೀನ್ ಒಡ್ಯಾಗ. ಒಡಿ."

ಚೆಲುವಮ್ಮ ಬೇಕೆಂದೇ ಮರದ ತೊಗಟೆಗೆ ಹೊಡೆದಳು. ಬಿಳಿಗಿರಿಗೆ ಗೊತ್ತಾಯಿತು. ಅವನು ಅಟ್ಟಣೆ ಹತ್ತಿ, ಅವಳ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು, ತಲೆಯನ್ನು ಹಿಂದಕ್ಕೆಳೆದು ಕುಡುಗೋಲಿನ ಮೊನೆಯನ್ನು ಕಿವಿಯ ಕೆಳಗೆ ಇಟ್ಟ. ಮೊನೆ ಒಳಗಿಳಿದು ರವಿಕೆಯ ತೋಳು ಒದ್ದೆಯಾಯಿತು. ಅವಳು ಬೀಸಿದಳು. ಕಲ್ಲು ಕರಿಯನ ಕಣ್ಣಿನೊಳಕ್ಕೆ ಹೋಯಿತು. ನಾಯಿ ಕೂಗಲಿಲ್ಲ, ಮಲಗಿದಂತೆ ಬಿತ್ತು. ಹಿಂಗಾಲು ಮಾತ್ರ ಓಡುತ್ತಲೇ ಇತ್ತು. ಬಿಳಿಗಿರಿ ಜಡೆ ಬಿಟ್ಟು ಅವಳ ಬೆನ್ನು ತಟ್ಟಿ, "ಭಲೇ" ಎಂದ. ಬಾರುಕೋಲಿಗಿಂತ ಆ ಕೈ ಉರಿಯಿತು.

ನಾಯಿಯನ್ನು ಅವನು ಕೆಲಸ ಮುಗಿಸಿ ರಂಗನಾಯಕನ ಹೊಲದೊಳಕ್ಕೆ ಎಸೆದು ಬಂದ.

ಅಂದಿನಿಂದ ಅವಳ ಕೈ ಸತ್ತಿತು. ಕಲ್ಲು ಹಾಕುತ್ತಿದ್ದಂತೆ ಕಣ್ಣು ಮುಂದೋಡಿ, ಬೀಳುವ ಜಾಗದಲ್ಲಿ ಹೋಗಿ ಕೂತು, ಅಲ್ಲಿ ಓಡುತ್ತಿರುವ ಹಿಂಗಾಲನ್ನು ನೋಡುತ್ತಿತ್ತು. ಕಲ್ಲು ಎತ್ತಲೋ ಹೋಗುತ್ತಿತ್ತು. ಒಮ್ಮೆ ಅಟ್ಟಣೆಯ ಕಂಬಕ್ಕೇ ಬಡಿದು ತಿರುಗಿ ಅವಳ ಮೊಣಕಾಲಿಗೆ ಬಂತು. ಗಿಳಿಗಳು ತೆನೆಯ ಮೇಲೆ ಕೂತು ಸಾವಕಾಶವಾಗಿ ತಿಂದವು. ಬಿಳಿಗಿರಿ ಒದ್ದ, ಗೋಡೆಗೆ ತಲೆ ಜಜ್ಜಿದ, ಒಂದು ದಿನ ಹೆಬ್ಬೆರಳನ್ನು ಹಿಂದಕ್ಕೆ ಮುರಿಯುವಂತೆ ತಿರುಚಿ, "ಬೇಕಂತ ಮಾಡ್ತಿದ್ದಿಯಾ, ಬೋಸುಡಿ?" ಎಂದು ಕೇಳಿದ. ಅವಳು ಬೇಕೆಂದು ಮಾಡುತ್ತಿರಲಿಲ್ಲ. ಭುಜದಿಂದ ಕೆಳಗೆ ತೂಗುತ್ತಿದ್ದದ್ದು ಯಾರದೋ ಕೈ.

ಮಹಾದೇವಮ್ಮ ಸೊಸೆಯ ಗಾಯಕ್ಕೆ ಅರಿಸಿನ ಹಚ್ಚುತ್ತಾ, "ಅವ್ನ್ ಯೋಳ್ದಂಗೆ ಕೇಳ್ಬುಡಮ್ಮೀ, ಒಂದ್ಸಲ ಆಗೋಗ್ಲಿ" ಎಂದಳು. ಹೇಳಿ, ತನ್ನ ಮಾತಿಗೆ ತಾನೇ ಬೆಚ್ಚಿದವಳಂತೆ ಎದ್ದುಹೋದಳು.

ಇನ್ನೂ ಯಾರೂ ಹೊಲಕ್ಕೆ ಬಾರದ ಒಂದು ಬೆಳಗ್ಗೆ ಚೆಲುವಮ್ಮ ಕಲ್ಲಿನ ಗುಡ್ಡೆಗೆ ಬೆನ್ನು ಮಾಡಿ ನಿಂತಳು. ಊದಿದ ಹೆಬ್ಬೆರಳಿನಲ್ಲಿ ಎಳೆಯ ತುದಿ ನಿಲ್ಲುತ್ತಿರಲಿಲ್ಲ. ತೋರುಬೆರಳು, ನಡುಬೆರಳಿನ ಸಂದಿಗೆ ಸಿಕ್ಕಿಸಿಕೊಂಡಳು. ಕಣ್ಣು ಮುಚ್ಚಿ ಬೀಸಿದಳು. ಸಿಡಿಯಲಿಲ್ಲ. ಮತ್ತೆ ಬೀಸಿದಳು. ಎಳೆ ಕಿವಿಗೆ ಬಡಿಯಿತು. ಮತ್ತೆ. ಎಷ್ಟು ಹೊತ್ತಾಯಿತೋ, ಭುಜ ಬಿಸಿಯೇರಿತು. ಕಿವಿಯ ಸುತ್ತ ಗುಂಯ್ ಎಂದು ಹಳೆಯ ಸದ್ದು ತಿರುಗಿತು. ಬೆರಳು ತಾನಾಗಿಯೇ ಸಡಿಲಿತು. ಛಟೀರ್. ಅವಳಿಗೆ ಅಜ್ಜಿಯ ಎಲೆಯಡಿಕೆಯ ವಾಸನೆ ಬಂದಂತಾಯಿತು. ಅಂದಿನಿಂದ ದಿನಾ ಮೊದಲ ಬೆಳಕು ಅವಳದ್ದು, ಮಿಕ್ಕ ದಿನವೆಲ್ಲ ಅವನದ್ದು.

ತೆನೆ ಬಲಿತು ಕೊಯ್ಲಿಗೆ ಬಂತು. ರಂಗನಾಯಕ ಬದು ಇದ್ದ ಕಡೆ ಗಡಿಕಲ್ಲು ನೆಡುತ್ತಾನಂತೆ, ನಾಳೆ ಬೆಳಗ್ಗೆ ಒಬ್ಬನೇ ಬರುತ್ತಾನಂತೆ ಎಂಬ ಸುದ್ದಿಯನ್ನು ಬಿಳಿಗಿರಿ ಎಲ್ಲಿಂದಲೋ ತಂದ. ತಂದು ಮಚ್ಚು ಮಸೆಯಲು ಕೂತ.

"ಅವ್ನು ಬಗ್ಗಿ ಗುಳಿ ತೋಡ್ತಿರಾಗ ನೀನ್ ಒಡ್ದು ಬೀಳ್ಸು. ಮಿಕ್ಕಿದ್ದ ನಾನ್ ನೋಡ್ಕತೀನಿ."

"ತಪ್ಪೋದ್ರೆ?"

ಬಿಳಿಗಿರಿ ಮಚ್ಚಿನ ಬಾಯಿಯನ್ನು ಹೆಬ್ಬೆರಳಲ್ಲಿ ನೋಡಿಕೊಂಡ. "ತಪ್ಪೋದ್ರೆ ಗುಳಿ ಎಂಗೂ ಅಲ್ಲೇ ಇರ್ತದೆ. ಇಬ್ರುಗೂ ಆಯ್ತದೆ."

ಚೆಲುವಮ್ಮ ಬೆಳಗ್ಗೆ ಎಂದಿನಂತೆ ಅಟ್ಟಣೆ ಹತ್ತಿದಳು. ಹತ್ತಿ ಮೊದಲು ಮಾಡಿದ ಕೆಲಸವೆಂದರೆ, ಹೊಳೆಗಲ್ಲಿನ ಗುಡ್ಡೆಯನ್ನು ಕಾಲಿನಿಂದ ಅಂಚಿಗೆ ಸರಿಸಿ ಕೆಳಕ್ಕೆ ತಳ್ಳಿದ್ದು. ಒಂದೂ ಉಳಿಯದಂತೆ ತಳ್ಳಿದಳು. ಕಂಬದ ಬುಡದಲ್ಲಿ ಅವು ಹುಲ್ಲಿನೊಳಗೆ ಬಿದ್ದವು. ಒಬ್ಬ ಮನುಷ್ಯನನ್ನು ತಾನು ಹೊಡೆಯುವುದಿಲ್ಲ ಎನ್ನುವುದು ಅಲ್ಲಿಗೆ ಇತ್ಯರ್ಥವಾಯಿತು. ಅವನು ಸಾಯುತ್ತಾನೋ, ತಾನು ಸಾಯುತ್ತೇನೋ, ಅದು ಅವಳಿಗೆ ಗೊತ್ತಿರಲಿಲ್ಲ. ಕವಣೆಯ ಕುಣಿಕೆಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಕೂತಳು.

ರಂಗನಾಯಕ ಹಾರೆ ಹೆಗಲಿಗಿಟ್ಟು ಬಂದ. ಗುಳಿ ತೋಡತೊಡಗಿದ. ಜೋಳದ ಮರೆಯಲ್ಲಿ ಕೂತಿದ್ದ ಬಿಳಿಗಿರಿ ಮೇಲಕ್ಕೆ ನೋಡಿ ಕೈಸನ್ನೆ ಮಾಡಿದ. ಚೆಲುವಮ್ಮ ಅಲುಗಾಡಲಿಲ್ಲ. ಮತ್ತೆ ಸನ್ನೆ. ಕಾದು ಕಾದು ಸಾಕಾಗಿ ಅವನೇ ನುಗ್ಗಿದ.

ಮಚ್ಚಿನ ಮೊದಲ ಏಟಿಗೆ ರಂಗನಾಯಕನ ಕಿವಿ ಅರ್ಧ ಹರಿದು ಕೆನ್ನೆಯ ಮೇಲೆ ಜೋತುಬಿತ್ತು. ಅವನು ಹಾರೆ ಬೀಸಿದ. ಬಿಳಿಗಿರಿಯ ಪಕ್ಕೆಲುಬು ಸೌದೆಯಂತೆ ಲಟಕ್ ಎಂದದ್ದು ಅಟ್ಟಣೆಗೂ ಕೇಳಿಸಿತು. ಇಬ್ಬರೂ ಬೈಗುಳ ಬಿಟ್ಟು ಬರೀ ಉಸಿರಿನಲ್ಲಿ ಕಾದಾಡುತ್ತಿದ್ದರು. ಎರಡನೆಯ ಏಟಿಗೆ ಹಾರೆ ಹಿಡಿದಿದ್ದ ಕೈಯ ಬೆರಳು ತುಂಡಾಗಿ ಮಣ್ಣಿಗೆ ಬಿತ್ತು. ಹಾರೆ ಜಾರಿತು. ರಂಗನಾಯಕ ತಾನು ತೋಡಿದ ಗುಳಿಗೇ ಕಾಲು ಸಿಕ್ಕಿ ಅಂಗಾತ ಬಿದ್ದ. ಬಿಳಿಗಿರಿ ಅವನ ಎದೆಯ ಮೇಲೆ ಮೊಣಕಾಲೂರಿ, ಎರಡೂ ಕೈಯಲ್ಲಿ ಮಚ್ಚು ಎತ್ತಿ, ಅಷ್ಟರಲ್ಲೂ ಅಟ್ಟಣೆಯ ಕಡೆ ತಿರುಗಿ ಕಿರುಚಿದ.

"ನೋಡ್ಕಳೇ ಲೌಡಿ! ಇವ್ನಾದ್ಮೇಲೆ ನೀನು!"

ಚೆಲುವಮ್ಮ ಎದ್ದು ನಿಂತು ಬೀಸಿದಳು.

ಛಟೀರ್!

ಎತ್ತಿದ ಮಚ್ಚು ಬಿಳಿಗಿರಿಯ ಬೆನ್ನ ಹಿಂದಕ್ಕೆ ಹಾರಿತು. ಅವನ ಎರಡೂ ಕೈ ತಾವಾಗಿಯೇ ತಲೆಗೆ ಹೋಗಿದ್ದವು. ಮೈ ತಾನಾಗಿಯೇ ಮಣ್ಣಿಗೆ ಬಿದ್ದಿತ್ತು. ಕೆಳಗಿದ್ದ ರಂಗನಾಯಕನೂ ಉಳಿದ ಬೆರಳುಗಳಿಂದ ತನ್ನ ತಲೆ ಮುಚ್ಚಿಕೊಂಡು ಮುದುಡಿದ್ದ. ಛಟೀರ್! ಬಿಳಿಗಿರಿ ತಲೆಯೆತ್ತಲು ನೋಡಿ ಮತ್ತೆ ಮಣ್ಣಿಗೆ ಮೂಗು ಒತ್ತಿದ. ಕಟ್ಟಿಹಾಕಿದ ನಾಯಿಯ ಕಣ್ಣು ಅವನಿಗೂ ನೆನಪಿತ್ತು, ಅದನ್ನು ಕಟ್ಟಿದವನೇ ಅವನು.

ಚೆಲುವಮ್ಮ ನಿಲ್ಲಿಸಲಿಲ್ಲ. ಮೊದಲ ಬೀಸು ಹೆದರಿಕೆಯದು, ಎರಡನೆಯದೂ ಹೆದರಿಕೆಯದೇ. ಆಮೇಲೆ ಭುಜ ಬಿಸಿಯೇರಿತು. ಗುಂಯ್ ಎಂಬ ಸದ್ದು ತಲೆಯ ಸುತ್ತ ಬಂತು. ಕೆಳಗೆ ಇಬ್ಬರು ಗಂಡಸರು ನೆತ್ತರಿನಲ್ಲಿ ಅಕ್ಕಪಕ್ಕ ಮುದುಡಿ ಬಿದ್ದು ಇನ್ನೂ ಬಾರದ ಕಲ್ಲಿಗೆ ಕಾಯುತ್ತಿದ್ದಾರೆ ಎನ್ನುವುದನ್ನೂ ಅವಳು ಮರೆತಳು. ಬೀಸು, ಸಡಿಲ, ಸಿಡಿತ. ಮತ್ತೆ ಬೀಸು. ಅದು ಕೈಗೆ ಸಾಕೆನಿಸುತ್ತಲೇ ಇರಲಿಲ್ಲ.

ಎಡೆಬಿಡದ ಸದ್ದಿಗೆ, ಆನೆ ಬಂತೋ ಏನೋ ಎಂದುಕೊಂಡು ಅಕ್ಕಪಕ್ಕದ ಹೊಲದವರು ದೊಣ್ಣೆ ಹಿಡಿದು ಓಡಿಬಂದರು. ಮುಂದೆ ಬಂದ ಹಿರಿಯ ದೊಡ್ಡಸಿದ್ದಯ್ಯ ಮಚ್ಚನ್ನು ಎತ್ತಿಕೊಂಡ. ನಾಲ್ಕಾರು ಜನ ಇಬ್ಬರನ್ನೂ ಎಳೆದು ದೂರ ಮಾಡಿದರು. ರಂಗನಾಯಕನ ಕೈಗೆ ಟವಲು ಬಿಗಿದು ಗಾಡಿಗೆ ಹಾಕಿದರು. ಹನೂರಿಗೆ ಮುಟ್ಟಿಸಿದರೆ ಅಲ್ಲಿಂದ ಕೊಳ್ಳೇಗಾಲದ ಆಸ್ಪತ್ರೆಗೆ ಬಸ್ಸು ಸಿಗುತ್ತದೆ ಎಂದರು. ಆಗ ದೊಡ್ಡಸಿದ್ದಯ್ಯ ಅಟ್ಟಣೆಯ ಬುಡಕ್ಕೆ ಬಂದು ಕಾಲಿನಲ್ಲಿ ಹುಲ್ಲು ಸರಿಸಿದ.

"ಲೇ ಬಿಳಿಗಿರಿ, ಕಲ್ಲೆಲ್ಲ ಇಲ್ಲೇ ಬಿದ್ದವಲ್ಲೋ! ನಿನ್ ಎಡ್ತಿ ಬರೀ ದಾರ ಆಡುಸ್ತಿದ್ದಳಲ್ಲೋ!"

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ನೆತ್ತರು ಇನ್ನೂ ಆರದ ಆ ಸಾಲಿನಲ್ಲಿ ನಿಂತು ಹೊಟ್ಟೆ ಹಿಡಿದು ನಕ್ಕರು. "ದಾರುಕ್ಕೆ ಕವುಚ್ಕಂಡವ್ನಲ್ಲಪ್ಪ!" ಬಿಳಿಗಿರಿ ನಗುವವರ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿದ. ಮಚ್ಚನ್ನು ಅವರು ಕೊಂಡೊಯ್ದರು. ಪಕ್ಕೆ ಮುರಿದವನು ಇನ್ನೇನು ಮಾಡಿಯಾನು ಎಂದುಕೊಂಡು ಎಲ್ಲರೂ ಗಾಡಿಯ ಹಿಂದೆ ಹೋದರು.

ಹಿಟ್ಟಿನ ಕುಕ್ಕೆ ಹೊತ್ತು ಮಹಾದೇವಮ್ಮ ಹೊಲಕ್ಕೆ ಬಂದಾಗ ಮಗ ಅಟ್ಟಣೆಯ ಕಂಬಕ್ಕೆ ಕೊಡಲಿ ಹಾಕುತ್ತಿದ್ದ. ಪ್ರತಿ ಏಟಿಗೂ ಪಕ್ಕೆ ಹಿಡಿದು ನರಳುತ್ತಿದ್ದ, ಮತ್ತೆ ಎತ್ತುತ್ತಿದ್ದ. ಮೇಲೆ ಸೊಸೆ ಹಲಗೆಯನ್ನು ತಬ್ಬಿ ಕೂತಿದ್ದಳು. "ಬ್ಯಾಡ ಕನ್ಲಾ!" ಎಂದು ಮುದುಕಿ ಕೂಗುವುದಕ್ಕೂ ಕಂಬ ಮುರಿಯುವುದಕ್ಕೂ ಸರಿಹೋಯಿತು. ಚೆಲುವಮ್ಮ ತಾನು ತಳ್ಳಿದ್ದ ಕಲ್ಲುಗಳ ಮೇಲೆಯೇ ಬಂದು ಬಿದ್ದಳು. ಬಲಗೈ ಮೈಯ ಕೆಳಗೆ ಸಿಕ್ಕಿತು.

ಮೊಣಕೈಯ ಮೂಳೆ ಪುಡಿಯಾಗಿತ್ತು. ಗಾಯವೇನೋ ಮಾಯುತ್ತದೆ, ಕೈ ಮಾತ್ರ ಇನ್ನು ಮಡಚುವುದಿಲ್ಲ ಎಂದರು ಕೊಳ್ಳೇಗಾಲದ ಡಾಕ್ಟರು. ಅಣ್ಣ ಬಂದು ಅವಳನ್ನು ಮುಳ್ಳೂರಿಗೆ ಕರೆದುಕೊಂಡು ಹೋದ. ಬಿಳಿಗಿರಿಯನ್ನು ಪೊಲೀಸರು ಕರೆದುಕೊಂಡು ಹೋದರು.

ಬೇಸಿಗೆ ಹಿಡಿಯುವ ಹೊತ್ತಿಗೆ ಮಹಾದೇವಮ್ಮ ಮಡಿಲಲ್ಲಿ ಜೋಳ ಕಟ್ಟಿಕೊಂಡು ಮುಳ್ಳೂರಿನಲ್ಲಿ ಬಸ್ಸಿಳಿದಳು. ಸೊಸೆ ಮನೆಯಲ್ಲಿರಲಿಲ್ಲ, ಬೋಳು ಹೊಲದಲ್ಲಿ ಒಬ್ಬಳೇ ನಿಂತಿದ್ದಳು. ಕೋಲಿನಂತೆ ನೆಟ್ಟಗೆ ಜೋತುಬಿದ್ದ ಬಲಗೈ. ಎಡಗೈಯಲ್ಲಿ ಹೊಸ ಕವಣೆ. ಹಲ್ಲಿನಲ್ಲಿ ಕಚ್ಚಿಕೊಂಡು ಒಂದೇ ಕೈಯಲ್ಲಿ ಹೊಸೆದದ್ದು, ಸೊಟ್ಟಸೊಟ್ಟಗೆ ಇತ್ತು.

ಮುದುಕಿ ಬದುವಿನ ಮೇಲೆ ಕೂತು ಬಂದ ಕೆಲಸ ಹೇಳಿದಳು. "ಕೋಲ್ಟಲ್ಲಿ ಕೇಳ್ತರಂತೆ. ಅಟ್ಟಣೆ ತಾನಾಗೇ ಬಿತ್ತು ಅಂದ್ಬುಡಮ್ಮೀ. ಒಬ್ನೇ ಮಗ."

"ನೀವ್ ನೋಡಿದ್ರಲ್ಲತ್ತೆ. ತಾನಾಗೇ ಬಿತ್ತಾ?"

ಮಹಾದೇವಮ್ಮ ಸೆರಗಿನ ಗಂಟು ಬಿಚ್ಚಿದಳು, ಕಟ್ಟಿದಳು. "ಇಲ್ಲ" ಎಂದಳು. ಮತ್ತೆ ಆ ಮಾತು ಎತ್ತಲಿಲ್ಲ. ಚೆಲುವಮ್ಮ ಕುಣಿಕೆಯನ್ನು ಎಡಗೈಯ ಬೆರಳಿಗೆ ಸಿಕ್ಕಿಸಿಕೊಳ್ಳುವುದನ್ನು ನೋಡುತ್ತಾ ಕೂತಳು.

"ಹೊಲ ಕುಯ್ದಾಗದೆ. ಒಂದು ಗುಬ್ಬಿನೂ ಇಲ್ಲ. ಎಡಗೈಲಿ ಏನ ಒಡ್ದಿಯೇ?"

"ಒಡ್ಯಕಲ್ಲ ಕನತ್ತೆ."

ಎಡಗೈಗೆ ಏನೂ ಗೊತ್ತಿರಲಿಲ್ಲ. ಅದಿನ್ನೂ ಅಜ್ಜಿಯ ಅಟ್ಟಣೆ ಹತ್ತಿದ ಮೊದಲ ದಿನದಲ್ಲಿತ್ತು. ಚೆಲುವಮ್ಮ ಬೀಸಿದಳು. ಎಳೆ ಎರಡು ಸುತ್ತು ಅಡ್ಡಾದಿಡ್ಡಿ ತಿರುಗಿ, ಸಿಡಿಯದೆ, ಮೆತ್ತಗೆ ಅವಳದೇ ಕುತ್ತಿಗೆಗೆ ಸುತ್ತಿಕೊಂಡು ಕುಚ್ಚು ಮೂಗಿನ ಮೇಲೆ ಬಂದು ಬಿತ್ತು. ಅವಳಿಗೆ ನಗು ಬಂತು.

ತಿರುಗಿ ನೋಡಿದರೆ ಬದುವಿನ ಮೇಲೆ ಅತ್ತೆ ಎರಡೂ ಕೈ ತಲೆಗೆ ಕೊಟ್ಟು ಕವುಚಿಕೊಂಡಿದ್ದಳು.

"ಸದ್ದೇ ಆಗ್ನಿಲ್ಲ ಕನತ್ತೆ, ಏಳಿ."

"ಇನ್ನೊಂದ್ ಕಿತ ಬೀಸ್ತೀಯಲ್ಲ" ಎಂದಳು ಮಹಾದೇವಮ್ಮ, ಕೈ ತೆಗೆಯದೆ. "ಆಗ್ತದೋ ಏನೋ."

ಚೆಲುವಮ್ಮ ಕುತ್ತಿಗೆಗೆ ಸುತ್ತಿದ್ದ ಎಳೆಯನ್ನು ನಿಧಾನವಾಗಿ ಬಿಡಿಸಿಕೊಂಡು, ಕುಣಿಕೆಯನ್ನು ಮತ್ತೆ ಬೆರಳಿಗೆ ಸಿಕ್ಕಿಸಿದಳು.